ಬಿಲ್ಲಿನ ಮಿತಿ ಅಲ್ಲ, ಹುಡುಗಿಯ ಮಿತಿ
ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಮೆರಿಕದ ಹಲವು ರಾಜ್ಯಗಳಲ್ಲಿ ಮಾತ್ರ ಮಕ್ಕಳೂ ದೊಡ್ಡವರ ಜೊತೆ ಬಿಲ್ಲು ಹಿಡಿದು ಹೋಗ್ತಾರೆ. ಅಲ್ಲಿ ಹದಿಮೂರರ ಹುಡುಗಿ ಎಷ್ಟು ದೂರದಿಂದ ಬಾಣ ಬಿಡಬಹುದು?

ವೈಟ್‌ಟೇಲ್ ಜಿಂಕೆಯ ಹೃದಯ, ಶ್ವಾಸಕೋಶ ಇರೋ ಜಾಗ ಸುಮಾರು 8 ಇಂಚು, ಒಂದು ತಿಂಡಿ ತಟ್ಟೆಯಷ್ಟು. ಬಾಣ ಅದರಾಚೆ ಬಿದ್ರೆ ಜಿಂಕೆ ಗಂಟೆಗಟ್ಟಲೆ ನರಳಬಹುದು. ಅಭ್ಯಾಸದಲ್ಲಿ ಎಲ್ಲಾ ಬಾಣಗಳೂ ತಟ್ಟೆಯೊಳಗೆ ಬೀಳುವ ದೂರವೇ ಮಿತಿ. ಹತ್ತರಲ್ಲಿ ಏಳು ಸಾಲಲ್ಲ. ಅದರಲ್ಲೂ ದಿನದ ಮೊದಲ ಬಾಣ ನೋಡಿ, ಕಾಡಲ್ಲಿ ಸಿಗೋದು ಅದೊಂದೇ.

ಇನ್ನೊಂದು ಲೆಕ್ಕ ಇದೆ. ಹಗುರ ಬಿಲ್ಲಿನ ಬಾಣ ಸೆಕೆಂಡಿಗೆ 200 ಅಡಿ ಹೋಗುತ್ತೆ ಅಂದುಕೊಳ್ಳಿ. 30 ಗಜ, ಅಂದ್ರೆ 90 ಅಡಿಗೆ ಹತ್ತಿರತ್ತಿರ ಅರ್ಧ ಸೆಕೆಂಡ್ ಬೇಕು. ಶಬ್ದದ ವೇಗ ಸುಮಾರು 1,100 ಅಡಿ. ಹೆದೆಯ ಸದ್ದು ಮೊದಲೇ ತಲುಪಿ ಬೆದರಿದ ಜಿಂಕೆ ಓಡೋಕೆ ಅಂತ ಮೈ ಕುಗ್ಗಿಸುತ್ತೆ, ಬಾಣ ಬೆನ್ನಿಗೆ ನಾಟುತ್ತೆ.

ನಾನು ಬಿಕಾಂ ಓದಿದವನು, ಮಾರ್ಜಿನ್ ಆಫ್ ಸೇಫ್ಟಿ ಬಿಡಲ್ಲ! ಮೈದಾನದಲ್ಲಿ 25 ಗಜ ಬಂದ್ರೆ ಕಾಡಲ್ಲಿ 15 ಅಂತೀನಿ. ಚಳಿ, ಎದೆ ಹೊಡ್ಕೊಳ್ಳೋದು ಎಲ್ಲಾ ಅದರಲ್ಲೇ ಬಂತು. ಜಿಂಕೆ ಎದುರಿಗೆ ಮುಖ ಮಾಡಿ ನಿಂತಿದ್ರೆ 15ರಲ್ಲೂ ಬೇಡ, ಪಕ್ಕಕ್ಕೆ ತಿರುಗೋವರೆಗೂ ಕಾಯಬೇಕು. ತಿರುಗಲಿಲ್ವಾ, ಬಿಲ್ಲು ಇಳಿಸಿ ಮನೆಗೆ ಹೋಗೋದು.