ಚಿಗುರುವ ಗೂಟದ ಬೇಲಿ

ಒಣಗೂಟದ ಬೇಲಿಗೆ ಗೆದ್ದಲು ಹತ್ತುವುದು ನಮಗೆಲ್ಲ ತಿಳಿದದ್ದೇ. ಹಾಲುವಾಣದ ಹಸಿಗೂಟ ನೆಡುವ ರೂಢಿಯಿತ್ತು. 2005ರ ನಂತರ ಚಿಗುರಿನಲ್ಲಿ ಗಂಟು ಮಾಡುವ ಸಣ್ಣ ಕಣಜದ ಹಾವಳಿಯಿಂದ ಅದರ ಮೇಲಿನ ನಂಬಿಕೆ ಕುಗ್ಗಿತು. ಈಗ ಗೊಬ್ಬರದ ಗಿಡವೆನ್ನುವ ಗ್ಲಿರಿಸಿಡಿಯಾವೇ ವಾಸಿ.

ವರ್ಷ ತುಂಬಿ ಬಲಿತ ಕೊಂಬೆಯನ್ನು ಐದಡಿಗೆ ಕಡಿದು, ಬುಡವನ್ನು ಓರೆಯಾಗಿ ಕೊಯ್ದು, ಮುಂಗಾರು ಹಿಡಿಯುತ್ತಲೇ ನೆಡಬೇಕು. ಗುದ್ದಿ ಇಳಿಸಿದರೆ ಸಿಪ್ಪೆ ಸುಲಿದು ಗೂಟ ಕೊಳೆಯುತ್ತದೆ. ಹಾರೆಯಿಂದ ಒಂದಡಿ ಕುಳಿ ಮಾಡಿ ಇಟ್ಟು ಮಣ್ಣು ತುಳಿಯಿರಿ. ಅವಸರದಲ್ಲಿ ತಲೆಕೆಳಗೆ ನೆಡುವುದೂ ಉಂಟು!

ಚಿಗುರು ಕಂಡೊಡನೆ ತಂತಿ ಬಿಗಿದು ನಾವೂ ಮೋಸಹೋಗಿದ್ದೇವೆ. ಮೊದಲ ಚಿಗುರು ಗೂಟದೊಳಗಿನ ಸತ್ವದಿಂದಲೇ ಬರುತ್ತದೆ, ಬೇರು ಆಮೇಲೆ. ತಂತಿ ಎಳೆದಾಗ ಗೂಟ ಅಲುಗಿ ಎಳೆಬೇರು ಹರಿಯುತ್ತದೆ. ತಂತಿಯನ್ನು ಮರುವರ್ಷ ಕಟ್ಟಿರಿ. ಸವರಿದ ಸೊಪ್ಪು ಅಡಿಕೆಯ ಬುಡಕ್ಕಾಯಿತು.