ಪೊರಕೆ ಹಿಡಿಯುವ ಮೊದಲು

ನವರಾತ್ರಿಗೆ ಇನ್ನೆರಡು ದಿನಗಳಿರುವಾಗ ಅನೇಕ ಮನೆಗಳಲ್ಲಿ ಕಂಡುಬರುವ ದೃಶ್ಯ ಒಂದೇ ಬಗೆಯದು. ಅಟ್ಟದ ಮೇಲಿನ ಡಬ್ಬಗಳೆಲ್ಲ ನಡುಮನೆಗೆ ಇಳಿದಿರುತ್ತವೆ. ಗೊಂಬೆಗಳ ಪೆಟ್ಟಿಗೆ ಧೂಳಿನಲ್ಲಿ ಮುಳುಗಿರುತ್ತದೆ. ಗೃಹಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಹಿಂದಿನ ಗೋಡೆಗೆ ಅಂಟಿದ ಜಿಡ್ಡನ್ನು ಚಾಕುವಿನಿಂದ ಕೆರೆಯುತ್ತಿರುತ್ತಾಳೆ. ಹಬ್ಬದ ದಿನ ಮನೆಯೇನೋ ಥಳಥಳಿಸುತ್ತದೆ. ಆದರೆ ಮನೆಯೊಡತಿಗೆ ಗೊಂಬೆಗಳ ಮುಂದೆ ಕುಳಿತು ಒಂದು ಹಾಡು ಹೇಳುವಷ್ಟು ತ್ರಾಣವೂ ಉಳಿದಿರುವುದಿಲ್ಲ.

ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಿದ್ದರು. ಅಂತಹ ಕೆಲಸ ಮಾಡುತ್ತಿದ್ದ ಗಂಡಸರು 97 ನಿಮಿಷಗಳನ್ನು. ದಿನಕ್ಕೆ ಸುಮಾರು ಐದು ಗಂಟೆಗಳ ಈ ದುಡಿಮೆಯಲ್ಲಿ ಕೆಲವು ಅನಿವಾರ್ಯ. ಕೆಲವು ಮಾತ್ರ ಮನೆಮಂದಿಯ ಅಭ್ಯಾಸಗಳಿಂದ ಹುಟ್ಟಿಕೊಂಡವು. ಅಂತಹವನ್ನು ತಿದ್ದಿಕೊಂಡರೆ ಪೊರಕೆಯ ಕೆಲಸ ತಾನಾಗಿಯೇ ಹಗುರವಾಗುತ್ತದೆ.

ಒಲೆಯ ಸುತ್ತ

ಒಗ್ಗರಣೆ ಸಿಡಿದಾಗ ಹಾರುವ ಎಣ್ಣೆಯ ಸಣ್ಣ ಹನಿಗಳು ಗೋಡೆ, ಕಪಾಟು, ಡಬ್ಬಗಳ ಮೇಲೆಲ್ಲ ಕೂರುತ್ತವೆ. ಅಂದೇ ಒದ್ದೆ ಬಟ್ಟೆಗೆ ಎರಡು ಹನಿ ಸೋಪಿನ ನೀರು ಹಾಕಿ ಒರೆಸಿದರೆ ಅವು ಹೊರಟುಹೋಗುತ್ತವೆ. ಬಿಟ್ಟರೆ, ಸೂರ್ಯಕಾಂತಿ, ಕುಸುಬೆ ಮೊದಲಾದ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಬೆರೆತು ಕ್ರಮೇಣ ಅರಗಿನಂತೆ ಗಟ್ಟಿಯಾಗುತ್ತವೆ. ಬಣ್ಣಕ್ಕೆ ಬಳಸುವ ಅಗಸೆ ಎಣ್ಣೆ ಒಣಗಿ ಪೊರೆಗಟ್ಟುವುದೂ ಇದೇ ಗುಣದಿಂದ. ಆ ಅಂಟಿಗೆ ಧೂಳು ಸೇರಿತೆಂದರೆ ಚಾಕುವಿನ ಸರದಿ ಬಂತೆಂದೇ ಲೆಕ್ಕ. ಎರಡು ನಿಮಿಷದ ಕೆಲಸ ಎರಡು ಗಂಟೆಯದಾಗುವುದು ಹೀಗೆ.

ಪಾತ್ರೆಗಳ ವಿಷಯವೂ ಅಷ್ಟೆ. ದೋಸೆ ಹಿಟ್ಟಿನ ಪಾತ್ರೆ, ಇಡ್ಲಿ ತಟ್ಟೆ, ಅನ್ನದ ತಪ್ಪಲೆ ಇವುಗಳಲ್ಲಿ ಪಿಷ್ಟ ಒಣಗಿದರೆ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಕೂಡಲೇ ತೊಳೆಯಲು ಬಿಡುವಿಲ್ಲದಿದ್ದರೆ ಒಂದು ಚೆಂಬು ನೀರು ಹಾಕಿಡುವುದು ಸಾಕು. ತಟ್ಟೆಯ ಮುಂದಿನಿಂದ ಎದ್ದವರೇ ಈ ಒಂದು ಚೆಂಬು ನೀರು ಹಾಕಿದರೆ, ಉಜ್ಜುವವರ ಕೈ ಹರಸೀತು.

ಅರಿಶಿನದ ಕಲೆಯನ್ನು ಕಂಡೊಡನೆ ಸೋಪು ಹಚ್ಚಿ, ಅದು ಕೆಂಪಾದುದನ್ನು ಕಂಡು ಗಾಬರಿಯಾಗುವವರುಂಟು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ಮನೆಯಲ್ಲಿ ಇದು ಹೊಸತೇನೂ ಅಲ್ಲ. ಕ್ಷಾರ ತಗುಲಿದರೆ ಅರಿಶಿನದ ಬಣ್ಣ ಕೆಂಪಿಗೆ ತಿರುಗುತ್ತದೆ. ಸೋಪನ್ನು ಚೆನ್ನಾಗಿ ತೊಳೆದು ಬಟ್ಟೆಯನ್ನು ಬಿಸಿಲಿಗೆ ಹರವಿದರೆ, ಆ ಬಣ್ಣ ಬೆಳಕಿಗೆ ತಾನೇ ಮಾಸುತ್ತ ಬರುತ್ತದೆ.

ನೀರು ಮತ್ತು ಕಲ್ಲು

ಕೊಳವೆಬಾವಿಯ ಗಡಸು ನೀರು ಬಳಸುವ ಬಡಾವಣೆಗಳಲ್ಲಿ ನಲ್ಲಿ, ಬಕೆಟ್ಟು, ಬಚ್ಚಲಿನ ಗೋಡೆಗಳ ಮೇಲೆ ಬಿಳಿಯ ಹಕ್ಕಳೆ ಕಟ್ಟುವುದು ಎಲ್ಲರಿಗೂ ತಿಳಿದ ತೊಂದರೆ. ನೀರು ಆರಿದಾಗ ಅದರಲ್ಲಿದ್ದ ಸುಣ್ಣದ ಅಂಶ ಹಿಂದುಳಿಯುತ್ತದೆ. ನೀರು ಆರುವ ಮುನ್ನವೇ ತೆಗೆದರೆ ಕಲೆಯೂ ಉಳಿಯದು. ಸ್ನಾನ ಮುಗಿಸಿದವರು ಹೊರಬರುವ ಮುನ್ನ ನೆಲದ ನೀರನ್ನು ತಳ್ಳಿ, ನಲ್ಲಿಯನ್ನು ಒರೆಸಿ, ಕಿಟಕಿ ತೆರೆದಿಟ್ಟರೆ ಹಕ್ಕಳೆಯೂ ಕಡಮೆ, ಬೂಷ್ಟೂ ಕಡಮೆ.

ಕಟ್ಟಿದ ಹಕ್ಕಳೆಗೆ ನಿಂಬೆಹುಳಿ ಒಳ್ಳೆಯ ಮದ್ದು. ಆದರೆ ಅದನ್ನು ಎಲ್ಲ ಕಡೆಗೂ ಬಳಸಲಾಗದು. ಕಡಪ ಕಲ್ಲು, ಶಹಾಬಾದ ಕಲ್ಲು, ಅಮೃತಶಿಲೆ ಇವೆಲ್ಲ ಸುಣ್ಣದ ವರ್ಗಕ್ಕೆ ಸೇರಿದವು. ಹುಳಿ ಬಿದ್ದರೆ ಅವುಗಳ ಹೊಳಪು ಕರಗಿ ಹೋಗುತ್ತದೆ. ಕಡಪ ಕಲ್ಲಿನ ಅಡುಗೆಕಟ್ಟೆಯ ಮೇಲೆ ನಿಂಬೆಹೋಳು ಬಿಡುವ ಅಭ್ಯಾಸವೂ ಆದುದರಿಂದ ಒಳ್ಳೆಯದಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯನ್ನೂ ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿಯಬಾರದು. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳುವುದು ಮನೆಯವರ ಹೊಣೆ.

ಧೂಳಿನ ದಾರಿ

ಮೊದಲು ನೆಲ ಗುಡಿಸಿ ಆಮೇಲೆ ಫ್ಯಾನು ಒರೆಸಿದರೆ ಅದೇ ನೆಲವನ್ನು ಮತ್ತೊಮ್ಮೆ ಗುಡಿಸಬೇಕು. ಧೂಳು ಕೆಳಗಿಳಿಯುವಂತಹುದಾದ ಕಾರಣ ಕೆಲಸವೂ ಮೇಲಿನಿಂದ ಕೆಳಕ್ಕೆ ಸಾಗಬೇಕು. ಒಣ ಬಟ್ಟೆಯಿಂದ ಕೊಡವಿದರೆ ಧೂಳು ಹಾರಿ ಮತ್ತೆ ಬಂದು ಕೂರುತ್ತದೆ. ತುಸು ತೇವದ ಬಟ್ಟೆ ಅದನ್ನು ಹಿಡಿದುಕೊಳ್ಳುತ್ತದೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಬರುತ್ತಿದ್ದ ಹಿರಿಯರ ಪದ್ಧತಿ ಧೂಳಿಗೆ ಬಾಗಿಲಲ್ಲೇ ತಡೆ ಒಡ್ಡುತ್ತಿತ್ತು.

ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ಉಬ್ಬಸದವರಿಗೆ ಅವು ಬಹಳ ಕಾಟ ಕೊಡುತ್ತವೆ. ಅವಕ್ಕೆ ತೇವ ಬೇಕು. ಬೆಳಿಗ್ಗೆ ಎದ್ದೊಡನೆ ಹೊದಿಕೆಯನ್ನು ಮಡಿಸಿಡದೆ ಸ್ವಲ್ಪ ಹೊತ್ತು ಗಾಳಿಗೆ ಬಿಡುವುದು, ಆಗಾಗ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಒಳ್ಳೆಯದು.

ಎಲ್ಲಕ್ಕಿಂತ ಕಷ್ಟದ ಅಭ್ಯಾಸವೆಂದರೆ ‘ಮುಂದೆಂದಾದರೂ ಬೇಕಾದೀತು’ ಎನ್ನುವುದು. ಖಾಲಿ ಡಬ್ಬ, ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಕುರ್ಚಿಯ ಬೆನ್ನಿಗೆ ಜೋತುಬಿದ್ದ ಅಂಗಿ, ಇವು ಇರುವಷ್ಟು ಜಾಗಕ್ಕೆ ಪೊರಕೆ ತಲಪುವುದಿಲ್ಲ; ಜಿರಲೆ ಮಾತ್ರ ತಲಪುತ್ತದೆ.

ಈ ಅಭ್ಯಾಸಗಳಲ್ಲಿ ಯಾವುದಕ್ಕೂ ಹಣ ಬೇಡ. ಆದರೆ ಇವನ್ನೂ ಗೃಹಿಣಿಯೊಬ್ಬಳ ತಲೆಗೇ ಕಟ್ಟಿದರೆ, ಹಳೆಯ ಹೊರೆಗೆ ಹೊಸ ಹೊರೆ ಸೇರಿತಷ್ಟೆ. ತಟ್ಟೆಗೆ ನೀರು ಹಾಕುವುದು ಉಂಡವರ ಕೆಲಸ, ಬಚ್ಚಲು ಒರೆಸುವುದು ಮಿಂದವರ ಕೆಲಸ, ಅಂಗಿಯನ್ನು ಗೂಟಕ್ಕೆ ಹಾಕುವುದು ಕಳಚಿದವರ ಕೆಲಸ. ಯಜಮಾನರೂ ಮಕ್ಕಳೂ ಇಷ್ಟನ್ನು ಒಪ್ಪಿಕೊಂಡ ಮನೆಯಲ್ಲಿ, ಮುಂದಿನ ನವರಾತ್ರಿಯ ಸಂಜೆ ತಾಯಿಯೂ ಗೊಂಬೆಗಳ ಮುಂದೆ ಕುಳಿತು ಹಾಡಿಯಾಳು.