ಬಂದೂಕಿನ ಒದೆತ ಮತ್ತು ಬೆಳೆಗಾರನ ಕೈ

ಸದಸ್ಯ ಬಾಂಧವರು ಸಂಘದ ಕಚೇರಿಗೆ ಬಂದಾಗ ಅಡಿಕೆಯ ಧಾರಣೆ, ಕಾಫಿಯ ಬೋರರ್ ಹುಳು, ಗೊಬ್ಬರದ ಅಭಾವ ಎಲ್ಲವನ್ನೂ ಚರ್ಚಿಸುತ್ತಾರೆ. ಆದರೆ ತೋಟದ ಮನೆಯ ಗೋಡೆಗೆ ತೂಗುಹಾಕಿದ ಬಂದೂಕಿನ ಮಾತು ಬಂದರೆ ನಕ್ಕು ಸುಮ್ಮನಾಗುತ್ತಾರೆ. ಅದು ಕೈಗೆ, ಹೆಗಲಿಗೆ ಒದೆಯುತ್ತದೆಂದು ಹೇಳಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹೇಳಿದರೆ ಗಂಡಸುತನಕ್ಕೆ ಕುಂದೆಂಬ ಭಾವನೆ. ಈ ಸಂಕೋಚ ಎಷ್ಟು ಅಪಾಯಕಾರಿ ಎಂಬುದನ್ನು ನಾವು ಸ್ವಂತ ಅನುಭವದಿಂದ ಕಲಿತಿದ್ದೇವೆ.

ನಮ್ಮ ಜವನಗೊಂಡನಹಳ್ಳಿ ಮಲೆನಾಡಲ್ಲ. ಹಿರಿಯೂರು ತಾಲ್ಲೂಕಿನ ಈ ಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ನಂಬಿ ಅಡಿಕೆ, ತೆಂಗು ಎಬ್ಬಿಸಿದವರು ನಾವು. ಸುತ್ತ ಒಣಭೂಮಿ ಇರುವುದರಿಂದ ಹಸಿರು ಕಂಡಲ್ಲಿಗೆ ಕೋತಿ, ಹಂದಿಗಳು ಬಂದೇ ಬರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ಮುಸ್ಸಂಜೆ, ಹಂದಿ ಬೆದರಿಸಲೆಂದು ತಂದೆಯವರ ಕಾಲದ ಜೋಡುನಳಿಗೆಯಿಂದ ಗಾಳಿಗೆ ಒಂದು ಈಡು ಹಾರಿಸಿದೆವು. ಬಂದೂಕು ಒದ್ದ ರಭಸಕ್ಕೆ ಟ್ರಿಗರಿನ ಕಾವಲು ಬಳೆ ನಡುಬೆರಳಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಎರಡನೆಯ ಈಡಿಗೆ ಆ ನೋವನ್ನು ನೆನೆದು, ಕಣ್ಣು ಮುಚ್ಚಿ ಟ್ರಿಗರ್ ಜಗ್ಗಿದೆವು. ನಳಿಗೆ ಕೆಳಕ್ಕೆ ಬಾಗಿತ್ತು. ಚರೆಗಳು ಪಂಪಿನ ಮನೆಯ ತಗಡಿಗೆ ಬಡಿದ ಸದ್ದು ಇಂದಿಗೂ ಕಿವಿಯಲ್ಲಿದೆ. ಕಾವಲಿನವನು ಸ್ವಲ್ಪ ಹೊತ್ತಿನ ಮುಂಚೆ ಅದೇ ತಗಡಿನ ಕೆಳಗೆ ಕುಳಿತು ಬೀಡಿ ಸೇದುತ್ತಿದ್ದ.

ತಪ್ಪು ನಮ್ಮದೇ. ಕೈ ನೊಂದರೆ ಮುಂದಿನ ಈಡಿಗೆ ಮನಸ್ಸು ಬೆಚ್ಚುತ್ತದೆ, ಮನಸ್ಸು ಬೆಚ್ಚಿದರೆ ಗುರಿ ಕೆಡುತ್ತದೆ. ಆದ್ದರಿಂದ ಒದೆತವನ್ನು ತಗ್ಗಿಸುವುದು ಸುಖದ ಮಾತಲ್ಲ, ಪಕ್ಕದವನ ಪ್ರಾಣದ ಮಾತು.

ಒದೆತದ ಲೆಕ್ಕ ಸರಳ. 12 ಬೋರಿನ ಸಾಮಾನ್ಯ ತೋಟಾದಲ್ಲಿ ಸುಮಾರು 32 ಗ್ರಾಂ ಚರೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಮುಂದೆ ಹೋದರೆ, 3 ಕಿಲೋ ತೂಕದ ಬಂದೂಕು ಸೆಕೆಂಡಿಗೆ 4ರಿಂದ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಲೇಬೇಕು. ಬಂದೂಕು ಹಗುರವಾದಷ್ಟೂ ಪೆಟ್ಟು ಜೋರು. ಇಂಗ್ಲೆಂಡಿನ ಬಂದೂಕು ತಯಾರಕ ಗ್ರೀನರ್ ಅವರ ಹಳೆಯ ಸೂತ್ರದಂತೆ, ಬಂದೂಕಿನ ತೂಕ ಚರೆಯ ತೂಕದ 96 ಪಟ್ಟಾದರೂ ಇರಬೇಕು. 32 ಗ್ರಾಂ ಚರೆಗೆ ಇದು 3 ಕಿಲೋ ದಾಟುತ್ತದೆ; 36 ಗ್ರಾಮಿಗೆ ಸುಮಾರು ಮೂರೂವರೆ ಕಿಲೋ. ಹಗುರ ಬಂದೂಕಿಗೆ ಭಾರಿ ತೋಟಾ ತುಂಬುವವರು ಇದನ್ನು ಗಮನಿಸಬೇಕು. ಸದ್ದಿಗಾಗಿ ಹಾರಿಸುವ ನಮಗೆ 28 ಗ್ರಾಮಿನದು ಧಾರಾಳ ಸಾಕು.

ತೋಟಾದ ಉದ್ದವನ್ನೂ ನೋಡಿಕೊಳ್ಳಿ. ಹಳೆಯ ಜೋಡುನಳಿಗೆಗಳಲ್ಲಿ ಅನೇಕವು 65 ಮಿ.ಮೀ. ತೋಟಾಕ್ಕೆ ಮಾಡಿದವು. 70 ಮಿ.ಮೀ. ತೋಟಾ ಅವುಗಳೊಳಗೆ ಕೂರಬಹುದು, ಆದರೆ ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒದೆತ ಹೆಚ್ಚುವುದಷ್ಟೇ ಅಲ್ಲ, ನಳಿಗೆಯೇ ಸಿಡಿಯಬಹುದು. ಅಳತೆ ತಿಳಿಯದಿದ್ದರೆ ಲೈಸನ್ಸುಳ್ಳ ಬಂದೂಕು ರಿಪೇರಿಯವರಿಗೆ ತೋರಿಸಿ.

ಇನ್ನು ಹಿಡಿಯುವ ಕ್ರಮ. ಬಂದೂಕಿನ ಬುಡವನ್ನು ಹೆಗಲಿನ ಗುಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ನಡುವೆ ಎರಡು ಬೆರಳಿನ ಸಂದು ಬಿಟ್ಟರೂ ತಳ್ಳುವ ಬಂದೂಕು ಗುದ್ದುವ ಬಂದೂಕಾಗುತ್ತದೆ. ಎಡಗೈ ಕೇವಲ ಆಸರೆಯಲ್ಲ, ಅದೂ ಒದೆತದ ಪಾಲು ಹೊರಬೇಕು. ನಡುಬೆರಳು ನೋಯುತ್ತಿದ್ದರೆ ಬಂದೂಕಿನ ಬುಡ ನಿಮ್ಮ ತೋಳಿಗೆ ಗಿಡ್ಡವಾಗಿರುವುದೇ ಅನೇಕ ವೇಳೆ ಕಾರಣ. ಬುಡಕ್ಕೆ ತೊಡಿಸುವ ರಬ್ಬರ್ ಪಟ್ಟಿ ಒಂದಂಗುಲ ಉದ್ದವನ್ನೂ ಕೊಡುತ್ತದೆ, ಪೆಟ್ಟನ್ನೂ ನುಂಗುತ್ತದೆ. ಕಾವಲು ಬಳೆಯ ಹಿಂಬದಿಗೆ ರಬ್ಬರ್ ಕವಚ ಹಾಕಿಸಿದ ಮೇಲೆ ನಮ್ಮ ಬೆರಳಿನ ಗೋಳು ತಪ್ಪಿತು.

ಕೆಲವು ಸದಸ್ಯರು ಆತ್ಮರಕ್ಷಣೆಗೆಂದು .32 ರಿವಾಲ್ವರ್ ಇಟ್ಟಿದ್ದಾರೆ. ಇದಕ್ಕೆ ಹೆಗಲಿನ ಆಸರೆಯಿಲ್ಲ; ಪೆಟ್ಟೆಲ್ಲ ಅಂಗೈಗೆ, ಮಣಿಕಟ್ಟಿಗೆ. ನಳಿಗೆ ಮುಷ್ಟಿಗಿಂತ ಮೇಲಿರುವುದರಿಂದ ಅದು ಹಿಂದಕ್ಕೆ ಬರುತ್ತಲೇ ಮೂತಿ ಎತ್ತುತ್ತದೆ. ಕಾನ್ಪುರದಲ್ಲಿ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರ್ ಕೇವಲ 500 ಗ್ರಾಂ. ಒಯ್ಯಲು ಹಗುರವಾದದ್ದು ಹಾರಿಸಲು ಹಗುರವಲ್ಲ. .32ರ ಒದೆತ ಸೌಮ್ಯವೇ, ಹೊರದೇಶಗಳಲ್ಲಿ ಬಳಸುವ.44 ಮ್ಯಾಗ್ನಮ್ಮಿನಂಥ ಭಾರಿ ಬೋರುಗಳಲ್ಲಿ ಇದೇ ಪೆಟ್ಟು ಹಲವು ಪಟ್ಟು.

ಪರಿಹಾರ ಎಲ್ಲಕ್ಕೂ ಒಂದೇ. ಹಿಡಿಯನ್ನು ಆದಷ್ಟು ಮೇಲಕ್ಕೆ, ಹೆಬ್ಬೆರಳು-ತೋರುಬೆರಳಿನ ಸಂದಿಯಲ್ಲಿ ಕೂರಿಸಿ. ನಳಿಗೆ ಮುಂದೋಳಿನ ನೇರಕ್ಕಿರಲಿ. ಎರಡೂ ಕೈ ಬಳಸಿ. ಕೈ ನಡುಗುವಷ್ಟು ಹಿಸುಕಬೇಡಿ, ಜಾರುವಷ್ಟು ಸಡಿಲವೂ ಬೇಡ. ಕೈಗೆ ತುಂಬಿಕೊಳ್ಳುವ ರಬ್ಬರ್ ಹಿಡಿ ನುಣುಪು ಮರದ ಹಿಡಿಗಿಂತ ಮೇಲು. ರಿವಾಲ್ವರಿನ ಉರುಳೆಯ ಮುಂದಿನ ಸಂದಿಯ ಬಳಿ ಬೆರಳು ಇಡಲೇಬೇಡಿ, ಅಲ್ಲಿಂದ ಬೆಂಕಿಯಂಥ ಅನಿಲ ಚಿಮ್ಮುತ್ತದೆ. ಹೆಬ್ಬೆರಳು ಜೋಮು ಹಿಡಿದರೆ, ಮಣಿಕಟ್ಟು ಚುಚ್ಚಿದರೆ ಅಂದಿಗೆ ನಿಲ್ಲಿಸಿ. ನೋವು ಮರುದಿನವೂ ಉಳಿದರೆ ವೈದ್ಯರಿಗೆ ತೋರಿಸಿ. ಕಿವಿಗೆ ರಕ್ಷಣೆ ಬೇಕೇ ಬೇಕು. ಬೆಚ್ಚುವುದಕ್ಕೆ ಅರ್ಧ ಕಾರಣ ಒದೆತವಲ್ಲ, ಸದ್ದು.

ಕಾಯ್ದೆಯನ್ನೂ ಮರೆಯಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು. ಸ್ವರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬೋರಿನ ಬಂದೂಕನ್ನು ಹೇಳಿದೆ. ಅನುಮತಿಯಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ; ಒದೆತವೂ ಅದರಿಂದ ಕೆಡುತ್ತದೆಯೇ ಹೊರತು ಸುಧಾರಿಸದು. 2019ರ ತಿದ್ದುಪಡಿಯ ನಂತರ ಮದುವೆ, ಜಾತ್ರೆಗಳ ಸಂಭ್ರಮಕ್ಕೆ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಬೀಳಬಹುದು. ಬಂದೂಕಿನ ಲೈಸನ್ಸು ಬೇಟೆಯ ಪರವಾನಗಿಯೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ನಮ್ಮ ತೋಟದೊಳಗೂ ಜಾರಿಯಲ್ಲಿದೆ. ಗಾಳಿಗೆ ಹಾರಿಸುವಾಗಲೂ ಸಣ್ಣ ಚರೆಯೇ ಇರಲಿ. ಅದು ಇನ್ನೂರು ಮೀಟರಿನ ಆಸುಪಾಸಿನಲ್ಲಿ ಬೀಳುತ್ತದೆ; ಎಲ್.ಜಿ. ಗುಂಡು ಅರ್ಧ ಕಿಲೋಮೀಟರು ದಾಟಬಲ್ಲದು.

ಕೊನೆಯದಾಗಿ ಅಭ್ಯಾಸ. ಕೊಡಗಿನ ಕಾಫಿ ಬೆಳೆಗಾರ ಮಿತ್ರರ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯಾಗುತ್ತದೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಹಾಗೆ ಹಿರಿಯರ ಕಣ್ಣೆದುರು ಕಲಿತ ಕೈ ಸುಲಭಕ್ಕೆ ಬೆಚ್ಚುವುದಿಲ್ಲ. ನಾವೋ ವರ್ಷಕ್ಕೆ ಎರಡು ಸಲ ಧೂಳು ಒರೆಸಿ, ಕತ್ತಲಲ್ಲಿ, ಕೋಪದಲ್ಲಿ ಬಂದೂಕು ಎತ್ತುವವರು. ಖಾಲಿ ಬಂದೂಕನ್ನು ಎರಡೆರಡು ಬಾರಿ ಪರೀಕ್ಷಿಸಿಕೊಂಡು ಹೆಗಲಿಗೇರಿಸುವ ಅಭ್ಯಾಸವನ್ನಾದರೂ ಹಗಲಿನಲ್ಲಿ ಮಾಡೋಣ.

ಪಂಪಿನ ಮನೆಯ ತಗಡನ್ನು ನಾವು ಇಂದಿಗೂ ಬದಲಾಯಿಸಿಲ್ಲ. ಮಳೆ ಬಂದರೆ ಆ ತೂತುಗಳಿಂದ ನೀರು ತೊಟ್ಟಿಕ್ಕುತ್ತದೆ. ಬಂದೂಕು ಕೈಗೆತ್ತಿಕೊಳ್ಳುವ ಮುನ್ನ ಒಮ್ಮೆ ಅದನ್ನು ನೋಡಿ ಬರುತ್ತೇವೆ.